ನಡು ಹೊಳ್ಯಾಗ ನಿಲ್ಲುವ ಬೋಟಿನ ಮೋಟರು: ತಡಕಬೇಕಾದ್ದು ಪೆಟ್ರೋಲಿನ ದಾರಿ

ಸೋಲಾಪುರ: ಮಳೆಗಾಲ ಬಂತೆಂದರೆ ಭೀಮಾ, ಸೀನಾ ದಂಡೆಯ ಊರುಗಳಲ್ಲಿ ಎರಡು ವಿಚಾರಣೆ ಸುರುವಾಗುತ್ತವೆ. ಉಜನಿಯಿಂದ ಎಷ್ಟು ನೀರು ಬಿಟ್ಟಾರ ಎಂಬುದು ಮೊದಲನೆಯದು. ಬೋಟು ಎಲ್ಲೈತಿ, ಚಾಲೂ ಆಗ್ತೈತೇನು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಮೊಬೈಲಿನಲ್ಲಿಯೇ ಬರುತ್ತದೆ. ಎರಡನೆಯದಕ್ಕೆ ಉತ್ತರ ಗೊತ್ತಾಗುವುದು ನೀರು ಊರೊಳಗೆ ಬಂದ ದಿನವೇ.

ಇದು ಸುಮ್ಮನೆ ಕೇಳುವ ಮಾತಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಪಂಢರಪುರದಿಂದ ಹಿಡಿದು ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಇಂಡಿ, ಅಫಜಲಪುರ ತಾಲೂಕುಗಳವರೆಗೂ ಹೊಲಮನಿಗೆ ನೀರು ಹೊಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಯ ಸರದಿ. ಬೇಸಿಗೆಯಲ್ಲಿ ದಾಟಿ ಹೋಗಬಹುದಾದ ಹೊಳೆ ಆ ವಾರ ಊರಿಗೆ ಊರನ್ನೇ ಸುತ್ತುವರಿಯಿತು. ಎನ್‌ಡಿಆರ್‌ಎಫ್ ತಂಡಗಳು ತಮ್ಮ ಬೋಟು, ತಮ್ಮ ಮೋಟರು ತಗೊಂಡು ಬರುತ್ತವೆ, ನಿಜ. ಆದರೆ ಅವರು ಬಂದು ಮುಟ್ಟುವ ತನಕ ಮಾಳಿಗೆ ಮೇಲೆ ಕುಂತ ಮುದುಕರನ್ನು, ಬಾಣಂತಿಯರನ್ನು ಇಳಿಸಬೇಕಾದ್ದು ಊರಲ್ಲಿರುವ ಬೋಟೇ. ಅದು ಮೀನುಗಾರರದ್ದಿರಬಹುದು, ಸರಕಾರಿ ಗೋದಾಮಿನದ್ದಿರಬಹುದು. ಅದರ ಹಿಂದೆ ಸಿಕ್ಕಿಸಿದ ಮೋಟರಿಗೆ ಹದಿನೈದೋ ಇಪ್ಪತ್ತೋ ವರ್ಷ ವಯಸ್ಸಾಗಿದ್ದರೆ ಆಶ್ಚರ್ಯವೇನಿಲ್ಲ.

ಬೋಟಿನ ಹಿಂಬದಿಗೆ ಹೊರಗಿನಿಂದ ಬಿಗಿಯುವ ಈ ಮೋಟರಿಗೆ ರಕ್ಷಣಾ ತಂಡದವರು ಓಬಿಎಂ ಎನ್ನುತ್ತಾರೆ. ಹಳೆಯವು ಹೆಚ್ಚಾಗಿ ಟೂ-ಸ್ಟ್ರೋಕ್. ಹಳೆ ಲೂನಾ, ರಾಜದೂತ ಓಡಿಸಿದವರಿಗೆ ಇದರ ಸ್ವಭಾವ ಹೊಸದಲ್ಲ. ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕಬೇಕು, ಹಗ್ಗ ಎಳೆದು ಚಾಲೂ ಮಾಡಬೇಕು. ಕಾಸರಗೋಡು ಕಡೆಯ ಕಡಲಿನಲ್ಲಿ ಚಿಮಣಿ ಎಣ್ಣಿಯ ಮೇಲೆ ಓಡುವ ಮೋಟರುಗಳೂ ಉಂಟು. ಅವುಗಳ ಲೆಕ್ಕ ಬೇರೆ. ಇಲ್ಲಿ ಹೇಳುತ್ತಿರುವುದು ಹೊಳೆಯ ಪೆಟ್ರೋಲ್ ಮೋಟರಿನ ಮಾತು.

ಚಾಲೂ ಆಗ್ತೈತಿ, ಆಮ್ಯಾಲೆ ನಿಂತ ಬಿಡತೈತಿ

ಇಂಥ ಮೋಟರಿನ ಬಗ್ಗೆ ಕೇಳಿಬರುವ ದೂರು ಹೆಚ್ಚಾಗಿ ಒಂದೇ ತೆರನಾದದ್ದು. ದಂಡೆಯ ಮೇಲೆ ನಾಲ್ಕು ಸಲ ಹಗ್ಗ ಎಳೆದರೆ ಚಾಲೂ ಆಗುತ್ತದೆ. ಎಲ್ಲರೂ ಹತ್ತಿ ಕೂಡುತ್ತಾರೆ. ಎರಡು ಮೂರು ನಿಮಿಷ ಚೆನ್ನಾಗಿಯೇ ಓಡುತ್ತದೆ. ಸೆಳವು ಇರುವಲ್ಲಿ ಬಂದು ರೇಸ್ ಕೊಟ್ಟರೆ ಉಸಿರು ಕಟ್ಟಿದಂತೆ ಗೊರ ಗೊರ ಅಂದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಎಳೆದರೆ ಮತ್ತೆ ಚಾಲೂ, ಮತ್ತೆ ಅದೇ ಹಾಡು. "ಇಂಜನ್ ಹೋಗೇತಿ ಬಿಡ್ರಿ" ಎಂದು ಮೋಟರನ್ನು ಮೂಲೆಗೆ ತಳ್ಳುವುದು ಇದಾದ ಮೇಲೆ.

ಇಂಜನ್ ಹೋಗಿದ್ದರೆ ಅದು ಎರಡು ನಿಮಿಷವೂ ಚೆನ್ನಾಗಿ ಓಡುತ್ತಿರಲಿಲ್ಲ. ಓಡಿ ನಿಲ್ಲುತ್ತದೆ ಎಂದರೆ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ ಎಂದೇ ಮೊದಲು ಸಂಶಯ ಪಡಬೇಕು. ಎಲ್ಲ ದೋಷವೂ ಪೆಟ್ರೋಲಿನದ್ದೇ ಅಂತಲ್ಲ. ನಿಂತ ರೀತಿಯಿಂದ ಸ್ವಲ್ಪ ಗುರುತು ಹಿಡಿಯಬಹುದು. ಸ್ವಿಚ್ ಒತ್ತಿದಂತೆ ಫಟ್ ಅಂತ ನಿಂತರೆ ಪ್ಲಗ್, ಕಾಯಿಲ್, ವೈರು ನೋಡಬೇಕು. ಮಂದವಾಗುತ್ತ, ಕೆಮ್ಮುತ್ತ ನಿಂತರೆ ಪೆಟ್ರೋಲಿನ ದಾರಿ ನೋಡಬೇಕು. ನಿಲ್ಲುವ ಹೊತ್ತಿಗೆ ಚೋಕ್ ಸ್ವಲ್ಪ ಎಳೆದಾಗ ಜೀವ ಬಂದರೆ ಸಂಶಯ ಇನ್ನೂ ಗಟ್ಟಿ.

ಇನ್ನೊಂದು ಅಪಾಯ ಇಲ್ಲಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಯಿಲ್ ಕಲಸಿ ಹಾಕುವ ಟೂ-ಸ್ಟ್ರೋಕ್ ಇಂಜನ್ನಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆಗೆ. ಪೆಟ್ರೋಲ್ ಕಡಿಮೆಯಾಯಿತೆಂದರೆ ಆಯಿಲೂ ಕಡಿಮೆಯಾಯಿತು. ಹಸಿದ ಮೋಟರನ್ನು ರೇಸ್ ಕೊಟ್ಟು ಕೊಟ್ಟು ಎಳೆದಾಡಿಸಿದರೆ ಪಿಸ್ಟನ್ ಕಾಯ್ದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ರಿಂಗಿನ ಸಲುವಾಗಿ ಇಡೀ ಇಂಜನ್ ಗುಜರಿಗೆ ಹೋಗುವುದು ಹೀಗೆ.

ಮೊದಲು ದಾರಿಯನ್ನು ಎರಡು ತುಂಡು ಮಾಡಿ

ಪೆಟ್ರೋಲ್ ಸಾಗುವ ದಾರಿ ಉದ್ದವೇನಿಲ್ಲ. ಟಾಕಿ, ಅದರೊಳಗೆ ಜಾಳಿಗೆ ಇರುವ ಎಳೆಯುವ ನಳಿಗೆ, ರಬ್ಬರ್ ಪೈಪು, ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಬಲ್ಬು, ಮೋಟರಿಗೆ ಸಿಕ್ಕಿಸುವ ಕನೆಕ್ಟರ್. ಅಲ್ಲಿಂದ ಒಳಗೆ ಫಿಲ್ಟರ್, ಪಂಪು, ಕಾರ್ಬುರೇಟರ್. ದೋಷ ಇದರಲ್ಲಿ ಎಲ್ಲಿಯೂ ಇರಬಹುದು. ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ಹರಡಿದರೆ ಯಾವುದರಿಂದ ಸರಿಹೋಯಿತು ಎಂಬುದೂ ತಿಳಿಯದು, ಒಂದೆರಡು ವಾಷರ್ ಕಳೆದುಹೋಗುವುದೂ ತಪ್ಪದು.

ಅನುಭವಸ್ಥ ಮಿಸ್ತ್ರಿ ಮೊದಲು ಮಾಡುವ ಕೆಲಸ ಬೇರೆ. ಚೆನ್ನಾಗಿ ಓಡುತ್ತಿರುವ ಇನ್ನೊಂದು ಬೋಟಿನ ಟಾಕಿಯನ್ನೂ ಪೈಪನ್ನೂ ತಂದು ಈ ಮೋಟರಿಗೆ ಸಿಕ್ಕಿಸುತ್ತಾನೆ. ಕನೆಕ್ಟರ್ ಒಂದೇ ಕಂಪನಿಯದ್ದಿರಬೇಕು ಅಷ್ಟೇ. ಮೋಟರು ಸರಿಯಾಗಿ ಓಡಿದರೆ ದೋಷ ಟಾಕಿ-ಪೈಪಿನ ಕಡೆ. ಮತ್ತೆ ಅದೇ ತಕರಾರು ಮಾಡಿದರೆ ದೋಷ ಮೋಟರಿನೊಳಗೆ. ಹತ್ತು ನಿಮಿಷದಲ್ಲಿ ಅರ್ಧ ಹುಡುಕಾಟ ಮುಗಿಯಿತು.

ಎರವಲು ಟಾಕಿ ಸಿಗದಿದ್ದರೆ ರಬ್ಬರ್ ಬಲ್ಬೇ ಸಾಕ್ಷಿ. ಡಾಕ್ಟರು ಬಿಪಿ ನೋಡುವಾಗ ಒತ್ತುವ ಗುಂಡಿನಂಥದ್ದು ಇದು. ಒಳಗೆ ಎರಡೂ ಬದಿಗೆ ಒಮ್ಮುಖದ ವಾಲ್ವು ಇರುತ್ತವೆ. ಮೈಮೇಲಿನ ಬಾಣದ ಗುರುತು ಮೋಟರಿನ ಕಡೆಗೇ ಇರಬೇಕು. ಪೈಪು ಬದಲಿಸಿದಾಗ ಇದನ್ನು ಉಲ್ಟಾ ಜೋಡಿಸಿ, ದಿನವಿಡೀ ಹಗ್ಗ ಎಳೆದು ಭುಜ ನೋಯಿಸಿಕೊಂಡವರಿದ್ದಾರೆ. ಬಾಣ ಮೇಲ್ಮುಖವಾಗಿರುವಂತೆ ನೆಟ್ಟಗೆ ಹಿಡಿದು ಒತ್ತಿದರೆ ಹತ್ತಾರು ಸಲದೊಳಗೆ ಅದು ಗಟ್ಟಿಯಾಗಬೇಕು.

ಎಷ್ಟು ಒತ್ತಿದರೂ ಮೆತ್ತಗೇ ಉಳಿದರೆ ಟಾಕಿಯ ಕಡೆಯಿಂದ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವು ಕೆಟ್ಟಿದೆ. ಮೆತ್ತಗಿರುವುದರ ಜೊತೆಗೆ ಮೋಟರಿನ ಮುಚ್ಚಳದೊಳಗೆ ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬುರೇಟರ್ ತುಂಬಿ ಹೊರಗೆ ಸುರಿಯುತ್ತಿದೆ ಎಂದರ್ಥ. ಆಗ ಹಗ್ಗಕ್ಕೆ ಕೈ ಹಚ್ಚಬಾರದು. ಬಲ್ಬು ಕಲ್ಲಿನಂತೆ ಗಟ್ಟಿ ಇದ್ದೂ ಮೋಟರು ಹಸಿದು ನಿಂತರೆ ತಡೆ ಮುಂದೆ ಇದೆ: ಕನೆಕ್ಟರ್, ಫಿಲ್ಟರ್, ಪಂಪು ಅಥವಾ ಕಾರ್ಬುರೇಟರಿನ ನೀಡಲ್. ಮೋಟರು ಓಡುತ್ತಿರುವಾಗ ಬಲ್ಬು ಚಪ್ಪಟೆಯಾಗಿ ಒಳಗೆ ಸೇದಿಕೊಂಡರೆ ತಡೆ ಹಿಂದೆ, ಟಾಕಿಯ ಕಡೆ ಇದೆ. ಇನ್ನು, ನಿಲ್ಲುವ ಹೊತ್ತಿಗೆ ಯಾರಾದರೂ ಬಲ್ಬನ್ನು ಒತ್ತುತ್ತಲೇ ಇದ್ದರೆ ಮೋಟರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದಾದರೆ ಪಂಪು ಸೋತಿದೆ, ಅಥವಾ ದಾರಿಯಲ್ಲಿ ಗಾಳಿ ಸೇರುತ್ತಿದೆ.

ಟಾಕಿಯ ಮುಚ್ಚಳದಿಂದ ಸುರು

ಕೇಳಿದರೆ ನಗು ಬರಬಹುದು, ಆದರೆ ಮೋಟರು ನಿಲ್ಲಿಸುವ ಅತಿ ಸಣ್ಣ ಕಾರಣ ಟಾಕಿಯ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ. ಸಾಗಿಸುವಾಗ ಚೆಲ್ಲಬಾರದೆಂದು ಅದನ್ನು ಬಿಗಿಯುತ್ತಾರೆ, ನೀರಿಗಿಳಿಸಿದಾಗ ಸಡಿಲಿಸಲು ಮರೆಯುತ್ತಾರೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟಾಕಿ ನಿರ್ವಾತವಾಗಿ ಪೆಟ್ರೋಲನ್ನು ಹಿಡಿದು ನಿಲ್ಲಿಸುತ್ತದೆ. ಎರಡು ಮೂರು ನಿಮಿಷ ಓಡಿ ನಿಲ್ಲುವ ರೋಗಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮುಚ್ಚಳ ತೆಗೆದಾಗ ಸುಸ್ ಎಂದು ಗಾಳಿ ಒಳಗೆಳೆದ ಸಪ್ಪಳ ಬಂದರೆ ಕಳ್ಳ ಸಿಕ್ಕಂತೆ. ಸ್ಕ್ರೂ ಬಿಚ್ಚಿದ್ದರೂ ತೂತಿನಲ್ಲಿ ಮಣ್ಣು ಕೂತಿರಬಹುದು, ಕಣಜದ ಹುಳ ಮನೆ ಮಾಡಿರಬಹುದು. ಒಮ್ಮೆ ಊದಿ ನೋಡಬೇಕು.

ಪೈಪಿನದ್ದು ಸ್ವಲ್ಪ ಮೋಸದ ವ್ಯವಹಾರ. ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರು ಬಿಟ್ಟುಕೊಂಡು ಜೋತಾಡುತ್ತಿರುತ್ತದೆ. ನಿಧಾನ ಓಡುವಾಗ ಸಾಕಷ್ಟು ಪೆಟ್ರೋಲ್ ಬಿಡುವ ಆ ಪದರು, ಜೋರು ಎಳೆದಾಗ ಬಾಗಿಲು ಹಾಕಿದಂತೆ ಮುಚ್ಚಿಕೊಳ್ಳುತ್ತದೆ. ಬೆರಳಲ್ಲಿ ಒತ್ತಿದಾಗ ಪೈಪು ಗಟ್ಟಿಯಾಗಿ ಕಟಕಟ ಅಂದರೆ ಅಥವಾ ಅಂಟು ಅಂಟಾದರೆ ತೆಗೆದೊಗೆಯುವುದೇ ಲೇಸು. ಪೈಪಿನ ಕ್ಲಿಪ್ಪು ಸಡಿಲಿದ್ದರೆ, ಕನೆಕ್ಟರಿನೊಳಗಿನ ಓ-ರಿಂಗ್ ಸವೆದಿದ್ದರೆ ಪೆಟ್ರೋಲ್ ಸೋರುವುದು ಕಾಣಲಿಕ್ಕಿಲ್ಲ. ಪಂಪು ಎಳೆಯುವಾಗ ಅಲ್ಲಿಂದ ಗಾಳಿ ಮಾತ್ರ ಒಳಗೆ ಹೋಗುತ್ತದೆ. ನೆಲ ಒಣಗಿದೆ, ಸೋರಿಕೆ ಇಲ್ಲ ಎಂದು ತೀರ್ಮಾನಿಸಿದವರು ಇಲ್ಲಿಯೇ ಎಡವುತ್ತಾರೆ. ಮೋಟರಿನ ಮುಚ್ಚಳ ತೆಗೆದರೆ ಹಲವು ಮಾಡೆಲುಗಳಲ್ಲಿ ಪಾರದರ್ಶಕ ಬಟ್ಟಲಿನ ಸಣ್ಣ ಫಿಲ್ಟರ್ ಕಾಣುತ್ತದೆ. ಓಡುವಾಗ ಅದರಲ್ಲಿ ಗುಳ್ಳೆ ಎದ್ದರೆ ಗಾಳಿ, ತಳದಲ್ಲಿ ಬೇರೆಯಾಗಿ ನಿಂತ ಪದರು ಕಂಡರೆ ನೀರು.

ತಿದಿಯಂಥ ಪಂಪು

ಟೂ-ಸ್ಟ್ರೋಕ್ ಮೋಟರಿನ ಪಂಪಿಗೆ ಕರೆಂಟೂ ಇಲ್ಲ, ಗಿಯರೂ ಇಲ್ಲ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕೋಣೆಯಲ್ಲಿ ಸೆಳೆತ, ಕೆಳಗೆ ಬಂದಾಗ ಒತ್ತಡ. ಆ ಏರಿಳಿತ ಒಂದು ಸಣ್ಣ ತೂತಿನಿಂದ ಬಂದು ರಬ್ಬರಿನ ತೆಳು ಹಾಳೆಯನ್ನು ಕುಣಿಸುತ್ತದೆ. ಡಯಾಫ್ರಮ್ ಎನ್ನುವುದು ಇದಕ್ಕೇ. ಕಮ್ಮಾರನ ತಿದಿ ಗಾಳಿ ಊದಿದಂತೆ ಇದು ಪೆಟ್ರೋಲ್ ತಳ್ಳುತ್ತದೆ. ಹಾಳೆ ಬಿರುಸಾದರೆ ತಳ್ಳುವ ಶಕ್ತಿ ಹೋಯಿತು. ಹರಿದರೆ ಇನ್ನೊಂದು ಪೇಚು: ಪೆಟ್ರೋಲ್ ಅದೇ ತೂತಿನಿಂದ ನೇರವಾಗಿ ಒಂದು ಸಿಲಿಂಡರಿಗೆ ಇಳಿದು ಆ ಪ್ಲಗ್ ಕಪ್ಪಗೆ ತೊಯ್ದು ನಿಲ್ಲುತ್ತದೆ. ಪಂಪನ್ನು ಬಿಚ್ಚಿ, ಪೈಪು ಹಾಗೇ ಇಟ್ಟು, ಬಲ್ಬು ಒತ್ತಿ ನೋಡಬೇಕು. ಗಾಳಿ ಬರುವ ತೂತಿನಿಂದ ಪೆಟ್ರೋಲ್ ಜಿನುಗಿದರೆ ಹಾಳೆ ಹರಿದಿದೆ. ಪಂಪಿನ ಕಿಟ್ ಬೇರೆ ಸಿಗುತ್ತದೆ. ಹಾಳೆ, ಗ್ಯಾಸ್ಕೆಟ್, ವಾಲ್ವು ಎಲ್ಲ ಕೂಡಿಯೇ ಬದಲಿಸಬೇಕು. ಹಳೆ ಗ್ಯಾಸ್ಕೆಟ್ಟಿಗೆ ಎಂ-ಸೀಲ್ ಹಚ್ಚುವ ಜಾಣತನ ಇಲ್ಲಿ ನಡೆಯುವುದಿಲ್ಲ.

ಕಾರ್ಬುರೇಟರಿನ ಸರದಿ ಕೊನೆಗೆ. ನಮ್ಮಲ್ಲಿ ಮಾತ್ರ ಅದನ್ನೇ ಮೊದಲು ಬಿಚ್ಚುವ ಚಟ. ಬಿಚ್ಚುವ ಮೊದಲು ಕೆಳಗಿನ ಬಟ್ಟಲಿನ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಗ್ಲಾಸಿಗೆ ಹಿಡಿದು ಬಿಸಿಲಿಗೆ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ: ನೀರಿನ ಗುಂಡುಗಳು, ಕೆಂಪು ಕಸ, ಹಳೆ ಪೆಟ್ರೋಲಿನ ಹುಳಿ ವಾಸನೆ. ಹೊತ್ತು ನೋಡಿಯೂ ಗುರುತಿಸಬಹುದು. ರೇಸ್ ಕೊಟ್ಟ ಕೂಡಲೇ ನಿಂತರೆ ಜೆಟ್ ಕಟ್ಟಿದೆ. ರೇಸ್ ಕೊಟ್ಟ ಮೇಲೆ ಅರ್ಧ ಒಂದು ನಿಮಿಷ ಚೆನ್ನಾಗಿ ಓಡಿ ನಿಂತರೆ ಬಟ್ಟಲು ತುಂಬುವುದಕ್ಕಿಂತ ಬೇಗ ಬರಿದಾಗುತ್ತಿದೆ, ಅಂದರೆ ತಪ್ಪು ಹಿಂದಿನ ದಾರಿಯಲ್ಲಿದೆ. ನಿಧಾನದಲ್ಲಿ ಮಾತ್ರ ನಿಲ್ಲದೆ ಜೋರಾಗಿ ಓಡಿದರೆ ಸರಿ ಇದ್ದರೆ ಸಣ್ಣ ಜೆಟ್ ತೊಳೆಯಬೇಕು.

ಜತ್ತ, ಸೋಲಾಪುರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಕಟ್ಟಿ ಔಷಧ ಹೊಡೆಯುವ ಟೂ-ಸ್ಟ್ರೋಕ್ ಪಂಪು ರಿಪೇರಿ ಮಾಡುವವರಿದ್ದಾರೆ. ಅವರಿಗೆ ಈ ಕೆಲಸ ಕಷ್ಟದ್ದಲ್ಲ. ಒಂದು ಮಾತು ಮಾತ್ರ ಹೇಳಿ ಕೊಡಬೇಕು: ಜೆಟ್ಟಿನ ತೂತಿಗೆ ಉಕ್ಕಿನ ತಂತಿ, ಸೂಜಿ ಹಾಕಬಾರದು. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಊದಿಸಿದರೆ ಸಾಕು.

ನಮ್ಮ ಕಬ್ಬಿನಿಂದಲೇ ಬಂದ ಪೇಚು

ಹತ್ತು ವರ್ಷದ ಹಿಂದೆ ಇಷ್ಟಿರದ ತಕರಾರು ಈಗ ಹೆಚ್ಚಲು ಒಂದು ಕಾರಣ ಪೆಟ್ರೋಲಿನಲ್ಲಿಯೇ ಇದೆ. 2022ರ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇ. 10ರಷ್ಟು ಎಥನಾಲ್ ಬೆರೆಯತೊಡಗಿತ್ತು. 2025ಕ್ಕೆ ಅದು ಶೇ. 20 ಮುಟ್ಟಿತು. ಆ ಎಥನಾಲಿನ ಒಂದು ಪಾಲು ಬರುವುದು ಕಬ್ಬಿನಿಂದ. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಸೋಲಾಪುರದ ರೈತರಿಗೆ ಇದರಿಂದ ಕಬ್ಬಿನ ಬಿಲ್ಲು ಬರಲು ಅನುಕೂಲವೇ ಆಗಿರಬಹುದು. ಅದೇ ರೈತ ಮಹಾಪೂರದಲ್ಲಿ ಹತ್ತುವ ಬೋಟಿಗೆ ಮಾತ್ರ ಅದು ಒಗ್ಗುವುದಿಲ್ಲ.

ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟಾಕಿಯ ನಳಿಗೆ ಎಳೆಯುವುದೂ ತಳದಿಂದಲೇ. ಕಲಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದು, ಇಂಜನ್ನಿಗೆ ಆಯಿಲಿಲ್ಲದ ನೀರು-ಮದ್ಯಸಾರ ಹೋಗುತ್ತದೆ. ಎಥನಾಲಿಗೆಂದು ಮಾಡಿರದ ಹಳೆ ಕಾಲದ ರಬ್ಬರ್ ಪೈಪು, ಡಯಾಫ್ರಮ್, ಓ-ರಿಂಗುಗಳು ಅದರಿಂದ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಟಾಕಿಯೊಳಗೆ ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಗೋಂದನ್ನೂ ಅದು ಕಿತ್ತು ಫಿಲ್ಟರಿಗೆ ತಂದು ಹಾಕುತ್ತದೆ. ಪೈಪು ಕೊಳ್ಳುವಾಗ ಎಥನಾಲ್ ತಡೆಯುವಂಥದ್ದೇ ಕೊಡಿ ಎಂದು ಕೇಳಬೇಕು.

ಗೋದಾಮಿನಲ್ಲಿಟ್ಟ ಮೋಟರಿಗೆ ಇದರ ಪೆಟ್ಟು ಹೆಚ್ಚು. ಪೂರ ಇಳಿದ ಮೇಲೆ ಮಿಕ್ಕ ಪೆಟ್ರೋಲ್ ಟಾಕಿಯಲ್ಲಿಯೇ, ಕಾರ್ಬುರೇಟರಿನ ಬಟ್ಟಲು ತುಂಬಿಯೇ ಉಳಿಯುತ್ತದೆ. ಹತ್ತು ತಿಂಗಳಲ್ಲಿ ಅದು ಒಣಗಿ ಜೆಟ್ಟಿನಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆ. ಕೆಲಸ ಮುಗಿದ ದಿನವೇ ಪೈಪು ಕಳಚಿ, ಮೋಟರು ತಾನಾಗಿ ನಿಲ್ಲುವವರೆಗೆ ನಿಧಾನವಾಗಿ ಓಡಿಸಿ, ಬಟ್ಟಲಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ, ಟಾಕಿ ಬರಿದು ಮಾಡಿ ಒಣಗಿಸಿ ಇಡಬೇಕು. ಮುಂದಿನ ಸಲ ಹೊಸ ಪೆಟ್ರೋಲ್. ಆಯಿಲಿನ ಪ್ರಮಾಣ ಮೋಟರಿನ ಮೇಲೆ ಅಥವಾ ಅದರ ಪುಸ್ತಕದಲ್ಲಿ ಬರೆದಷ್ಟೇ ಇರಬೇಕು. 50ಕ್ಕೆ 1 ಎಂದಿದ್ದರೆ 24 ಲೀಟರ್ ಟಾಕಿಗೆ 480 ಮಿಲಿ ಆಯಿಲ್. ಬೋಟ್ ಮೋಟರಿಗೆಂದೇ ಬರುವ ಟೂ-ಸ್ಟ್ರೋಕ್ ಆಯಿಲನ್ನೇ ಹಾಕಬೇಕು, ಟ್ರ್ಯಾಕ್ಟರಿನ ಆಯಿಲ್ ಅಲ್ಲ.

ಪರೀಕ್ಷೆ ಮಾಡಲು ಹೊಳೆಗೇ ಹೋಗಬೇಕೆಂದಿಲ್ಲ. ಗಟ್ಟಿ ಹಲಗೆಗೆ ಮೋಟರು ಬಿಗಿದು, ಕೆಳಭಾಗವನ್ನು ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಮುಳುಗಿಸಿ ಓಡಿಸಬಹುದು. ಫ್ಯಾನಿನ ಮೇಲಿರುವ ಚಪ್ಪಟೆ ತಗಡು ನೀರಿನಡಿ ಇರಬೇಕು, ಗಿಯರ್ ನ್ಯೂಟ್ರಲ್‌ನಲ್ಲಿರಬೇಕು. ನೀರಿಲ್ಲದೆ "ಸುಮ್ನ ಒಂದ ಸಲ ನೋಡೂಣು" ಎಂದು ಹಗ್ಗ ಎಳೆದರೆ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ರೆಕ್ಕೆ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಪೆಟ್ರೋಲಿನ ದಾರಿ ಬಿಚ್ಚಿದ ಕಡೆ ಬೀಡಿ, ಸಿಗರೇಟು, ಬಲ್ಬಿನ ಹಳೆ ವೈರು ಯಾವುದೂ ಹತ್ತಿರ ಬೇಡ. ಕೆಲಸ ಬಯಲಲ್ಲಿ ನಡೆಯಲಿ, ಶೆಡ್ಡಿನೊಳಗೆ ಅಲ್ಲ. ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿದ್ದಷ್ಟಕ್ಕೆ ಸರ್ಟಿಫಿಕೇಟ್ ಕೊಡುವಂತೆಯೂ ಇಲ್ಲ. ಭಾರ ಹೊತ್ತು ಪೂರಾ ರೇಸಿನಲ್ಲಿ ಓಡುವಾಗ ಬೇಕಾಗುವ ಪೆಟ್ರೋಲ್ ಅಲ್ಲಿ ಬೇಕಾಗುವುದಿಲ್ಲ. ಬಂಧಾರದ ಹಿಂದಿನ ನಿಂತ ನೀರಿನಲ್ಲಿ ಇಬ್ಬರು ಕುಂತು ಕಾಲು ತಾಸು ಓಡಿಸಿದ ಮೇಲೆಯೇ ಖಾತ್ರಿ.

ನಡು ಹೊಳ್ಯಾಗ ನಿಂತರ

2024ರ ಮೇ 21ರಂದು ಉಜನಿ ಹಿನ್ನೀರಿನಲ್ಲಿ ಕುಗಾಂವದಿಂದ ಕಳಾಶಿಗೆ ಹೊರಟ ಬೋಟು ಮಗುಚಿ 6 ಜನ ತೀರಿಕೊಂಡರು. ಅಲ್ಲಿ ಕಾರಣ ಬಿರುಗಾಳಿ, ಮೋಟರಲ್ಲ. ಆದರೆ ಮೋಟರು ನಿಂತ ಬೋಟು ತಾನಾಗಿ ಗಾಳಿಗೆ, ಸೆಳವಿಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟಿನಲ್ಲಿ ಜನ ಗಾಬರಿಯಿಂದ ಒಂದೇ ಬದಿಗೆ ಎದ್ದು ನಿಂತರೆ ಮುಂದಿನದು ಹೇಳಬೇಕಿಲ್ಲ. ಆದ್ದರಿಂದ ಮೋಟರು ಕೆಮ್ಮಿದ ಕೂಡಲೇ ನಡೆಸುವವ ಹಗ್ಗಕ್ಕೆ ಕೈ ಹಾಕಬಾರದು. ಮೊದಲು ಮೂತಿಯ ಕಡೆಯಿಂದ ಲಂಗರು ಇಳಿಯಬೇಕು ಅಥವಾ ಹುಟ್ಟು ಹಾಕಿ ಮೂತಿಯನ್ನು ಸೆಳವಿಗೆ ಎದುರಾಗಿ ಹಿಡಿಯಬೇಕು. ಹಿಂಬದಿಗೆ ಲಂಗರು ಕಟ್ಟಿದರೆ ನೀರು ಒಳಗೇ ಬರುತ್ತದೆ. ಜನ ಕುಂತಲ್ಲೇ ಕುಂತಿರಬೇಕು, ಜಾಕೀಟು ಮೊದಲಿನಿಂದಲೂ ಮೈಮೇಲೇ ಇರಬೇಕು.

ಆಮೇಲೆ ಮೂರು ಕಡೆ ಕೈ ಆಡಿಸಬೇಕು: ಟಾಕಿಯ ಗಾಳಿ ಸ್ಕ್ರೂ ಬಿಚ್ಚಿದೆಯೇ, ಪೈಪಿನ ಮೇಲೆ ಯಾರಾದರೂ ಕಾಲಿಟ್ಟು ಕೂತಿದ್ದಾರೆಯೇ, ಕನೆಕ್ಟರ್ ಕಳಚಿದೆಯೇ. ಜನ ತುಂಬಿದ ಬೋಟಿನಲ್ಲಿ ಎರಡನೆಯದು ದೊಡ್ಡ ಮಾತೇನಲ್ಲ. ಬಲ್ಬು ಒತ್ತಿ ಗಟ್ಟಿ ಮಾಡಿ ಎಳೆದರೆ ಚಾಲೂ ಆಗಬಹುದು. ಆದರೆ ರೇಸ್ ಏರಿಸದೆ, ಒಬ್ಬರು ಬಲ್ಬು ಒತ್ತುತ್ತಲೇ, ಹತ್ತಿರದ ದಂಡೆಗೆ ಬರಬೇಕು. ಹೊರಟ ಕೆಲಸ ಮುಗಿಸಿಯೇ ಬರೂಣು ಎಂಬ ಹಟ ಬೇಡ. ಐದಾರು ಸಲ ಎಳೆದರೂ ಆಗದಿದ್ದರೆ ಎಳೆಯುವುದು ನಿಲ್ಲಿಸಿ ಹುಟ್ಟು ಹಿಡಿಯಬೇಕು.

ಕೆಳಗಡೆ ಏನಿದೆ ಎಂಬುದೂ ನೆನಪಿರಬೇಕು. ಭೀಮೆಯ ಮೇಲೆ ಔಜ, ಚಿಂಚಪುರ, ಹಿಳ್ಳಿಯಂಥ ಬಂಧಾರಗಳಿವೆ. ಪೂರ ಬಂದಾಗ ಇವು ಮುಳುಗಿ ಮೇಲಿಂದ ನೀರು ಸಪಾಟಾಗಿ ಕಾಣುತ್ತದೆ. ಕೆಳಬದಿಯಲ್ಲಿ ಮಾತ್ರ ನೀರು ಹಿಂದಕ್ಕೆ ಸುರುಳಿ ಹೊಡೆಯುತ್ತಿರುತ್ತದೆ. ಅದರೊಳಗೆ ಸಿಕ್ಕ ಬೋಟನ್ನು ಅದು ಮುಂದಕ್ಕೆ ಬಿಡುವುದಿಲ್ಲ. ಬೋಟು ಇಳಿಸುವ ಜಾಗ ಯಾವ ಬಂಧಾರದಿಂದ ಎಷ್ಟು ದೂರ ಎಂಬುದನ್ನು ಊರವರೇ ಮೊದಲು ನಡೆಸುವವನಿಗೆ ಹೇಳಬೇಕು, ಏಕೆಂದರೆ ಹೊರಗಿನಿಂದ ಬಂದವನಿಗೆ ಆ ದಿನ ಬಂಧಾರ ಕಾಣುವುದೇ ಇಲ್ಲ.